ಸೂಜಿಯ ಕಾಲ್ಗುಣ

ಬಡ್... ಬಡ್ ಬಡ್... ಫಟ್!

ಶಾಲೆಯ ಗೇಟಿಗೆ ಇನ್ನೊಂದೇ ತಿರುವು ಬಾಕಿ ಇದ್ದಾಗ ಅಪ್ಪನ ಮೋಟಾರ್ ಸೈಕಲ್ ಜೋರಾಗಿ ಕೆಮ್ಮಿತು, ಕಪ್ಪು ಹೊಗೆ ಉಗುಳಿತು, ನಿಂತೇ ಹೋಯಿತು. ನಿಲ್ಲುವುದಾದರೆ ಎಲ್ಲಾದರೂ ನಿಲ್ಲಬಹುದಿತ್ತು. ಆದರೆ ನಾಲ್ಕು ಜನ ನೋಡುವ ಜಾಗ ಬರದೆ ಆ ಗಾಡಿಗೆ ಕೆಡುವ ಮನಸ್ಸೇ ಬರುತ್ತಿರಲಿಲ್ಲ. ಅಪ್ಪ ಕಾಲು ನೆಲಕ್ಕೆ ಊರಿ ನಿಟ್ಟುಸಿರು ಬಿಟ್ಟ.

"ಇಳಿ ಸೂಜಿ. ಒಂದೇ ನಿಮಿಷ."

"ನಿನ್ನೆಯ ಒಂದು ನಿಮಿಷವೇ ಇನ್ನೂ ಮುಗಿದಿಲ್ಲ ಅಪ್ಪ."

ಅಪ್ಪ ಟೇಲರ್. ಮಗಳ ಮಾತು ಚುಚ್ಚುತ್ತದೆ ಎಂದು ಸೂಜಿ ಅಂತ ಅಡ್ಡಹೆಸರು ಇಟ್ಟವನೂ ಅವನೇ. ಹಾಗಾಗಿ ಈಗ ಯಾರನ್ನೂ ದೂರುವ ಹಾಗಿರಲಿಲ್ಲ. ಸುಮ್ಮನೆ ಕಿಕ್ ಹೊಡೆಯತೊಡಗಿದ.

ಸೈಕಲ್ ಮೇಲೆ ಬಂದ ಕ್ಲಾಸ್ ಲೀಡರ್ ಬ್ರೇಕ್ ಹಾಕಿ ಕೇಳಿದಳು, "ಏನೇ, ಇವತ್ತೂ ತಳ್ಳೋದಾ?"

"ತಳ್ಳೋದಲ್ಲ, ವಾಕಿಂಗ್ ಮಾಡಿಸ್ತಿದೀವಿ. ಗಾಡಿಗೆ ವಯಸ್ಸಾಯ್ತಲ್ಲ," ಎಂದಳು ಸೂಜಿ.

ಹ್ಯಾಂಡಲಿಗೆ ನೇತು ಹಾಕಿದ್ದ ಊಟದ ಬ್ಯಾಗ್ ಎಳೆದುಕೊಂಡು ಅವಳು ನಡೆದೇ ಹೊರಟಳು. ಗೇಟು ಮುಟ್ಟುವ ಮೊದಲೇ ಹಿಂದಿನಿಂದ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿಸಿತು. ಕೆಮ್ಮಿಲ್ಲ, ಹೊಗೆಯಿಲ್ಲ. ಅಪ್ಪ ಕೈಬೀಸಿ ಜುಮ್ಮೆಂದು ಹೊರಟುಹೋದ.

ಅವಳು ಇಳಿದ ಮೇಲೆ ಅದು ದಿನವೂ ಹಾಗೆಯೇ ಓಡುತ್ತಿತ್ತು.

ಯಾರೋ ಹತ್ತಾರು ವರ್ಷ ಓಡಿಸಿ ಬಿಟ್ಟ ಈ ಗಾಡಿಯನ್ನು ಮನೆಗೆ ತಂದ ದಿನ ಅಪ್ಪ ಅದರ ಸುತ್ತ ಒಂದು ಸುತ್ತು ಬಂದು, "ಇದೇನು ಮಹಾ, ಎರಡು ಚಕ್ರ ಇರೋ ಹೊಲಿಗೆ ಮೆಷಿನ್ ಅಷ್ಟೇ. ನಾನೇ ನೋಡ್ಕೋತೀನಿ," ಎಂದಿದ್ದ. ನೋಡಿಕೊಂಡದ್ದೂ ಹೌದು. ಚೈನಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟ. ದಿನಾ ಸಂಜೆ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಹಳೆಯ ಟೂತ್‌ಬ್ರಷ್‌ನಿಂದ ಮಸಿ ಉಜ್ಜಿದ. ಮಾರನೆಯ ದಿನ ಅದು ಮತ್ತೆ ಕಾಡಿಗೆ ಹಚ್ಚಿಕೊಂಡಂತೆ ಕಪ್ಪಾಗುತ್ತಿತ್ತು. ಪೆಟ್ರೋಲಿನಲ್ಲಿ ನೀರು ಸೇರಿದೆ ಎಂದು ಟ್ಯಾಂಕನ್ನೇ ಖಾಲಿ ಮಾಡಿ, ಬಕೆಟನ್ನು ಬಾಗಿಲ ಹತ್ತಿರ ಇಟ್ಟ.

"ಒಳ್ಳೇದಾಯ್ತು ಬಿಡಿ," ಎಂದಳು ಅಮ್ಮ, ಮೂಗು ಮುಚ್ಚಿಕೊಂಡು. "ಮನೇಲೊಂದು ಪೆಟ್ರೋಲ್ ಬಂಕ್ ಇಲ್ಲ ಅಂತ ನನಗೆ ಕೊರಗಿತ್ತು."

ಗುರುವಾರ ಸಂಜೆ ಅಪ್ಪ ಸೋತು, ಸೂಜಿಯನ್ನೂ ಕರೆದುಕೊಂಡು, ಗಾಡಿಯನ್ನು ಪಕ್ಕದ ಗಲ್ಲಿಯ ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋದ. ಮೆಕ್ಯಾನಿಕ್ ಮೂರು ರೌಂಡ್ ಹೊಡೆದು ಬಂದ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಅಷ್ಟು ಮರ್ಯಾದಸ್ಥ ಗಾಡಿ ಊರಲ್ಲೇ ಇಲ್ಲ ಎನ್ನುವ ಹಾಗಿತ್ತು ಅದರ ನಡತೆ.

"ಗಾಡಿಗೇನೂ ಆಗಿಲ್ವಲ್ಲ ಸಾರ್," ಎಂದ ಮೆಕ್ಯಾನಿಕ್. ಆಮೇಲೆ ಪ್ಲಗ್ ನೋಡಿ, "ಪೆಟ್ರೋಲ್ ಮಾತ್ರ ಜಾಸ್ತಿ ಕುಡೀತಿದೆ. ಚೋಕ್ ಹಾಕ್ಕೊಂಡೇ ಓಡಿಸ್ತೀರಾ?"

"ನಾನೇನು ಚಿಕ್ಕ ಮಗುನಾ?" ಅಪ್ಪನಿಗೆ ಸಿಟ್ಟು ಬಂತು.

"ಚೋಕ್ ಅಂದ್ರೆ ಏನಪ್ಪಾ?" ಎಂದು ಸೂಜಿ ಕೇಳಿದಳು.

ಅಪ್ಪ ಹ್ಯಾಂಡಲಿನ ಎಡಗಡೆ ಇದ್ದ ಪುಟ್ಟ ಲಿವರ್ ತೋರಿಸಿದ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಅದನ್ನು ಕೆಳಗೆ ಒತ್ತಿದರೆ ಜಾಸ್ತಿ ಪೆಟ್ರೋಲ್ ಸಿಕ್ಕಿ ಗಾಡಿ ಬೇಗ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೂ ಹಾಗೇ ಬಿಟ್ಟರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. "ನಾನು ದಿನಾ ಸ್ಟಾರ್ಟ್ ಆದ ತಕ್ಷಣ ಚೋಕ್ ತೆಗೀತೀನಲ್ಲ. ಆಮೇಲೇ ನಿನ್ನ ಹತ್ತಿಸ್ಕೊಳ್ಳೋದು," ಎಂದ. ಅದು ನಿಜವೇ ಆಗಿತ್ತು.

ನಡೆದೇ ಮನೆಗೆ ಬಂದ ಮೇಲೆ ಅಜ್ಜಿ ಗಾಡಿಯ ಹಿಂದೆ ಕೂತು ಗಲ್ಲಿಯ ತುದಿಯವರೆಗೆ ಹೋಗಿಬಂದಳು. ಆಗಲೂ ಗಾಡಿ ತೆಪ್ಪಗೆ ಓಡಿತು. ಅಜ್ಜಿ ಇಳಿದು, ಸೀರೆ ಸರಿಮಾಡಿಕೊಂಡು ತೀರ್ಪು ಕೊಟ್ಟಳು.

"ನೀನೊಬ್ನೇ ಹೋದ್ರೂ ಓಡತ್ತೆ. ನಾನು ಕೂತ್ರೂ ಓಡತ್ತೆ. ಇವಳು ಕೂತ್ರೆ ಮಾತ್ರ ನಿಲ್ಲತ್ತೆ. ಎಲ್ಲಾ ಇವಳ ಕಾಲ್ಗುಣ ಕಣೋ."

ಅಪ್ಪ ನಕ್ಕ. "ಇರಬಹುದಮ್ಮಾ. ಸೋಮವಾರದಿಂದ ಇವಳನ್ನ ಸ್ಕೂಲ್ ವ್ಯಾನಿಗೆ ಹಾಕಿಬಿಡ್ತೀನಿ."

ಅವನು ಅದನ್ನು ತಮಾಷೆಗೆಂಬಂತೆ ಹೇಳಿದರೂ, ಮರುಕ್ಷಣವೇ ವ್ಯಾನ್ ಡ್ರೈವರಿಗೆ ಫೋನ್ ಮಾಡಿದ. ಸೂಜಿ ಸರಸರನೆ ಒಳಗೆ ನಡೆದಳು.

ಮನೆಯಲ್ಲಿದ್ದರೂ ಅಪ್ಪ ತಲೆ ತಗ್ಗಿಸಿ ಶರ್ಟುಗಳಿಗೆ ಗುಂಡಿ ಹೊಲಿಯುತ್ತಿರುತ್ತಾನೆ. ಏನು ಹೇಳಿದರೂ "ಹ್ಞೂಂ" ಎನ್ನುತ್ತಾನೆ. ಬೆಳಿಗ್ಗೆ ಗಾಡಿಯ ಮೇಲೆ ಮಾತ್ರ ಅವನ ಕೈ ಹ್ಯಾಂಡಲಿನಲ್ಲಿ, ಕಿವಿ ಸೂಜಿಯ ಬಾಯಿಯ ಹತ್ತಿರ. ಆಗ ಅವಳು ಎಲ್ಲವನ್ನೂ ಹೇಳುತ್ತಿದ್ದಳು. ವ್ಯಾನಿನಲ್ಲಿ ಯಾರಿಗೆ ಹೇಳುವುದು? ಅದಕ್ಕಿಂತ ಹೆಚ್ಚಾಗಿ ಇನ್ನೊಂದು ನೋಯುತ್ತಿತ್ತು. ಪ್ಲಗ್ಗು, ಪೆಟ್ರೋಲು, ಗಾಡಿ ಮಾರಿದವನು, ಎಲ್ಲರ ಮೇಲೂ ತಪ್ಪು ಹೊರಿಸಿ ಆದ ಮೇಲೆ ಅಪ್ಪನಿಗೆ ಕೊನೆಯಲ್ಲಿ ಸಿಕ್ಕವಳು ತಾನು. ಆ ರಾತ್ರಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಶುಕ್ರವಾರ ಅದೇ ತಿರುವು. ಬಡ್ ಬಡ್... ಫಟ್!

ಸೂಜಿ ಧಡಕ್ಕನೆ ಇಳಿದಳು. ಕಾಲ್ಗುಣವಂತೆ, ಕಾಲ್ಗುಣ! ಸಿಟ್ಟಿನಿಂದ ಊಟದ ಬ್ಯಾಗನ್ನು ಕಿತ್ತುಕೊಂಡಳು. ಅದರ ಪಟ್ಟಿ ಎಲ್ಲೋ ಸಿಕ್ಕಿಹಾಕಿಕೊಂಡು, ಆಮೇಲೆ ಬಿಟ್ಟಿತು. ಟಕ್ ಎಂದು ಸಣ್ಣ ಸದ್ದಾಯಿತು.

ಅವಳು ಬಗ್ಗಿ ನೋಡಿದಳು. ನಿನ್ನೆ ಅಪ್ಪ ತೋರಿಸಿದ ಚೋಕ್ ಲಿವರ್! ಬ್ಯಾಗನ್ನು ಮತ್ತೆ ನೇತು ಹಾಕಿದಳು. ಸ್ಟೀಲ್ ಡಬ್ಬಿ, ತುಂಬಿದ ನೀರಿನ ಬಾಟಲಿ, ಎರಡರ ಭಾರಕ್ಕೂ ಸಡಿಲವಾಗಿದ್ದ ಲಿವರ್ ಮೆಲ್ಲಗೆ ಕೆಳಗಿಳಿಯಿತು. ಬ್ಯಾಗ್ ಎತ್ತಿದಳು. ಟಕ್, ಲಿವರ್ ಮೇಲೆ.

"ಅಪ್ಪ, ಈಗ ಕಿಕ್ ಹೊಡಿ."

ಒಂದೆರಡು ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು. ಸೂಜಿ ಬ್ಯಾಗ್ ನೇತು ಹಾಕಿದಳು. ಬಡ್ ಬಡ್ ಬಡ್. ಬ್ಯಾಗ್ ಎತ್ತಿದಳು. ಸದ್ದು ನುಣ್ಣಗಾಯಿತು. ಅಪ್ಪ ಅವಳ ಕೈಯನ್ನೇ ನೋಡುತ್ತಿದ್ದ.

"ದಿನಾ ಈ ಬ್ಯಾಗ್ ಇಲ್ಲಿ ನೇತು ಹಾಕೋದು ಯಾರಪ್ಪಾ?"

"ನಾನೇ," ಎಂದ ಅಪ್ಪ. "ನಿನ್ನ ಭುಜ ನೋಯತ್ತೆ ಅಂತ..."

"ಹಾಗಾದ್ರೆ ಇದು ನನ್ನ ಕಾಲ್ಗುಣ ಅಲ್ಲ. ನಿನ್ನ ಕೈಗುಣ!"

ಅಷ್ಟರಲ್ಲಿ ಬೆಲ್ ಹೊಡೆಯಿತು. ಅವಳು ಓಡಿದಳು.

ಆ ದಿನ ಪಾಠ ಯಾರಿಗೆ ಬೇಕಿತ್ತು? ಸೂಜಿ ದಿನವಿಡೀ ಮಾತುಗಳನ್ನು ಮಸೆಯುತ್ತ ಕೂತಳು. ಅಜ್ಜಿಗೊಂದು, ಅಪ್ಪನಿಗೆ ನಾಲ್ಕು. ಹೊಲಿಗೆ ಮೆಷಿನ್ನಿಗೆ ಊಟದ ಡಬ್ಬಿ ಕಟ್ಟಿ ಹೊಲಿದು ನೋಡಪ್ಪ ಎನ್ನಬೇಕು. ಅಮ್ಮ ಕೇಳಿ ಬಿದ್ದು ಬಿದ್ದು ನಗಬೇಕು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿಯೇ ಶುರು ಮಾಡಿದಳು. "ಏನೋ, ಇವತ್ತೂ ನಿಲ್ತಾ ಗಾಡಿ?"

ಅಪ್ಪ ಗಂಟಲು ಸರಿಮಾಡಿಕೊಂಡ. "ಪ್ರಾಬ್ಲಂ ಸಿಕ್ತಮ್ಮಾ. ಚೋಕ್ ಲಿವರ್ ಲೂಸ್ ಆಗಿದೆ. ಹಿಂದೆ ಓಡಿಸಿದವನು ಸರಿಯಾಗಿ ನೋಡ್ಕೊಂಡಿಲ್ಲ..."

ಸೂಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಇವನು ಇಷ್ಟೇ ಎಂದುಕೊಂಡಳು. ಮಸೆದಿಟ್ಟ ಮಾತುಗಳು ನಾಲಿಗೆಯ ತುದಿಗೆ ಬಂದು ನಿಂತವು.

ಅಪ್ಪನ ಮಾತು ಅರ್ಧಕ್ಕೇ ನಿಂತಿತು. ತಟ್ಟೆಯಲ್ಲಿದ್ದ ಅನ್ನವನ್ನು ಸುಮ್ಮನೆ ಕಲಸಿದ.

"ಇಲ್ಲ, ಹಾಗಲ್ಲ," ಎಂದ. "ಊಟದ ಬ್ಯಾಗ್ ನಾನೇ ಅದರ ಮೇಲೆ ನೇತು ಹಾಕ್ತಿದ್ದೆ. ದಿನಾ. ಕಂಡುಹಿಡಿದಿದ್ದು ಇವಳು. ತಪ್ಪು ನಂದು, ಅನ್ನಿಸಿಕೊಂಡಿದ್ದು ಈ ಮಗು."

ಅಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟು ನಗತೊಡಗಿದಳು. "ಅಂದ್ರೆ, ಅಷ್ಟು ದಿನ ಪೆಟ್ರೋಲ್ ವಾಸನೇಲಿ ನಾನು ಅಡುಗೆ ಮಾಡಿದ್ದು ಒಂದು ಡಬ್ಬಿಗಾಗಿನಾ?"

"ಬ್ಯಾಗ್ ಭಾರ ಅಂತ ನಾನು ಮೊದಲಿಂದ ಹೇಳ್ತಾನೇ ಇದ್ದೆ," ಎಂದಳು ಅಜ್ಜಿ, ಒಂದು ದಿನವೂ ಹೇಳದವಳು.

ಅಪ್ಪನೂ ನಗಲು ನೋಡಿದ, ನಗು ಸರಿಯಾಗಿ ಬರಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು. ಸೂಜಿ ಅದನ್ನು ಮೊದಲ ಸಲ ನೋಡುತ್ತಿದ್ದಳು. ಗಾಡಿಯನ್ನು ಬಿಚ್ಚಿ ಜೋಡಿಸುವುದಕ್ಕಿಂತ ಆ ಒಂದು ಮಾತು ಅಪ್ಪನಿಗೆ ಕಷ್ಟವಾಗಿತ್ತು.

"ಏನೇ ಸೂಜಿ, ನಿಂದೇನೂ ಇಲ್ವಾ?" ಎಂದು ಅಮ್ಮ ಕಣ್ಣು ಮಿಟುಕಿಸಿದಳು.

ಇತ್ತು. ಐದು ಇತ್ತು, ಒಂದಕ್ಕಿಂತ ಒಂದು ಚೂಪು. ಸೂಜಿ ಐದನ್ನೂ ಅನ್ನದ ಜೊತೆ ನುಂಗಿದಳು.

"ಅಪ್ಪ," ಎಂದಳು, "ಸೋಮವಾರ ನಾವು ಎಷ್ಟು ಹೊತ್ತಿಗೆ ಹೊರಡೋದು?"