ಶುಕ್ರವಾರದ ತಟ್ಟೆಗೆ ನಿಂಬೆ

ಹೋಟೆಲಿನ ಒಡತಿಯಿಂದ ನಿಂಬೆ ಹೋಳು ಕೇಳಿ ಪಡೆದ ಆ ಹುಡುಗಿ, ಪಕ್ಕದಲ್ಲಿದ್ದ ಇಶಿಗುರೊನನ್ನು ಒಂದು ಮಾತೂ ಕೇಳದೆ, ಕರಿದ ಕೋಳಿಯ ಮೇಲೆಲ್ಲ ಹಿಂಡಿಬಿಟ್ಟಳು.

ಬಾಗಿಲ ಪರದೆ ಸರಿಸಿ ಒಳಬಂದ ಚಿಜುರು ಅಲ್ಲೇ ನಿಂತಳು.

ಇಬ್ಬರು ಹಂಚಿಕೊಳ್ಳುವ ತಟ್ಟೆಗೆ ಕೇಳದೆ ಹಿಂಡುವುದೆಂದರೆ... ಅಷ್ಟು ಸಲಿಗೆಯೇ?

ಶುಕ್ರವಾರದ ಸಂಜೆಗಳಲ್ಲಿ ಈ ಪುಟ್ಟ ಇಜಕಾಯಾ ಪಾನಗೃಹದಲ್ಲಿ ಇಶಿಗುರೊ ಪಕ್ಕ ಕೂರುತ್ತಿದ್ದವಳು ಚಿಜುರು. ಒಂದೇ ತಟ್ಟೆಯಿಂದ ತಿನ್ನುತ್ತಾ ವರ್ಷಗಳೇ ಕಳೆದಿದ್ದವು. ಮನಸ್ಸಿನ ಮಾತನ್ನು ಮಾತ್ರ ಇಬ್ಬರೂ ಆಡಿರಲಿಲ್ಲ. ಅವಳಿಗೆ ನಿಂಬೆ ಆಗದು, ಅವನೂ ಹಿಂಡುತ್ತಿರಲಿಲ್ಲ. 'ನಮ್ಮಿಬ್ಬರ ರುಚಿ ಒಂದೇ' ಎಂಬುದೊಂದನ್ನೇ ಅವಳು ಎದೆಯೊಳಗೆ ಸಾಕಿಕೊಂಡಿದ್ದಳು.

"ಬನ್ನಿ ಚಿಜುರು ಸಾನ್. ಇವರು ಅಯಾನೊ, ನಮ್ಮ ಆಫೀಸಿಗೆ ಹೊಸಬರು," ಎಂದ ಇಶಿಗುರೊ.

"ನಿಂಬೆ ಇದ್ರೇನೇ ರುಚಿ, ಅಲ್ವಾ ಇಶಿಗುರೊ ಸಾನ್?" ಅಯಾನೊ ನಕ್ಕಳು.

"ಹೂಂ... ಚೆನ್ನಾಗಿದೆ."

ಅವನು ತುಂಡಿನ ಮೇಲೆ ತುಂಡು ತಿಂದ. ಅಷ್ಟು ಆಸೆಯಿಂದ ತಿನ್ನುವುದನ್ನು ಚಿಜುರು ಎಂದೂ ನೋಡಿರಲಿಲ್ಲ.

"ಏನಮ್ಮಾ, ಮುಖ ಯಾಕೆ ಹಾಗೆ ಹಿಂಡ್ಕೊಂಡಿದ್ದೀಯ?" ಒಡತಿ ತೊಮಿಕೊ ಕೆಣಕಿದಳು.

"ನಾನು ಹೊರಡ್ತೀನಿ. ಇವರಿಗೆ ಇಷ್ಟೊಂದು ನಿಂಬೆ ಹುಚ್ಚು ಅಂತ ನಂಗೊತ್ತಿರ್ಲಿಲ್ಲ."

"ನಿಂಗೊಬ್ಬಳಿಗೇ ಗೊತ್ತಿಲ್ಲ. ಬೇರೆ ದಿನ ಒಬ್ನೇ ಬಂದ್ರೆ ಹೋಳಿನ ಮೇಲೆ ಹೋಳು ಕೇಳಿ ತಗೋತಾನೆ. ಶುಕ್ರವಾರ ಮಾತ್ರ, 'ನಿಂಬೆ ಇಡಬೇಡಿ ಅಮ್ಮಾ' ಅಂತಾನೆ."

ಇಶಿಗುರೊನ ಕಿವಿ ಕೆಂಪಾಯಿತು. ಅಯಾನೊ ಇಬ್ಬರ ಮುಖವನ್ನೂ ನೋಡಿದಳು.

"ಅಯ್ಯೋ, ನಾನು ಆ ಮೂಲೇಲಿ ಕೂರ್ತೀನಪ್ಪಾ," ಎಂದು ತನ್ನ ಲೋಟ ಎತ್ತಿಕೊಂಡು ಎದ್ದುಹೋದಳು.

ಚಿಜುರು ಖಾಲಿಯಾದ ಜಾಗದಲ್ಲಿ ಕುಳಿತಳು. ಸಿಟ್ಟು ಎಲ್ಲೋ ಕರಗಿಹೋಗಿತ್ತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬೇರೆ ತಟ್ಟೆ ತರಿಸ್ಕೊತಿದ್ರಿ." ಅವನು ತಲೆ ಎತ್ತಲಿಲ್ಲ. "ನಂಗೆ ಒಂದೇ ತಟ್ಟೇಲಿ ತಿನ್ಬೇಕಿತ್ತು."

ಅವಳು ಒಂದು ತುಂಡು ಬಾಯಿಗಿಟ್ಟಳು. ಹುಳಿಗೆ ಕಣ್ಣು ಮುಚ್ಚಿಕೊಂಡವು. ಆದರೂ ಅಗಿದು ನುಂಗಿದಳು.

"ಬಲವಂತ ಬೇಡ ಚಿಜುರು ಸಾನ್."

"ಶುಕ್ರವಾರಕ್ಕೊಂದು ಸಲ ತಾನೇ? ತಡ್ಕೋತೀನಿ."

"ಶುಕ್ರವಾರ ಒಂದೇ ನಂಗೆ ಸಾಲ್ತಿಲ್ಲ..."

"ಮತ್ತೆ? ದಿನಾ ಕರಿದ ಕೋಳಿ ಬೇಕಾ?"

"ಅಲ್ಲ. ದಿನಾ ನೀವು ಬೇಕು."