ಕಾಣೆಯಾದ ಸುರುಳಿಯಚ್ಚು

ಅಚ್ಚು ಇರಬೇಕಾದ ಜಾಗದಲ್ಲಿ ಒಂದು ಚೌಕ ತೂತು ಮಾತ್ರ ಉಳಿದಿತ್ತು.

ಎಎಸ್‌ಐ ಶಿವರಂಜನಿ ಆ ತೂತಿಗೆ ಬೆರಳು ಹಾಕಿ ನೋಡಿದಳು. ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕ ನೆಲದಲ್ಲಿ ಹೂತಿಟ್ಟ ಮರದ ಕೊರಡು, ಅದರ ನೆತ್ತಿಯಲ್ಲಿ ಈ ತೂತು, ಒಳಗೆ ಒಂದಿಷ್ಟು ತುಕ್ಕಿನ ಪುಡಿ. ಬನವಾಸಿ ಕಡೆಯ ಅವಳು ಸಿದ್ದಾಪುರಕ್ಕೆ ಬಂದು ವರ್ಷ ತುಂಬಿರಲಿಲ್ಲ. ಸರ ಹೋದದ್ದು, ಬೈಕು ಹೋದದ್ದು, ಎಮ್ಮೆ ಹೋದದ್ದು — ಎಲ್ಲ ಕಂಡಿದ್ದಳು. ಬಾಗಿದ ಕಬ್ಬಿಣ ಹೋಯಿತೆಂಬ ದೂರು ಹಿಡಿದು ಕೋಲಸಿರ್ಸಿಗೆ ಬರುವಾಗ ಜೀಪಿನಲ್ಲಿ ನಗು ಬಂದಿತ್ತು. ಈ ಮನೆಯವರ ಮುಖ ನೋಡಿದ ಮೇಲೆ ಆ ನಗು ಎಲ್ಲಿ ಅಡಗಿತೋ ಅವಳಿಗೇ ತಿಳಿಯಲಿಲ್ಲ.

ಮನೆಯ ಹಿಂದಿನ ಈ ಕುಲುಮೆ ನಾಗಪತಿ ಆಚಾರಿಯವರದು. ಅರವತ್ತು ದಾಟಿದವರು. ಗೋಡೆಗೆ ಆನಿಕೊಂಡು ನೆಲ ನೋಡುತ್ತ ಕೂತಿದ್ದರು. ಬಾಗಿಲಲ್ಲಿ ಹೆಂಡತಿ ಮಾದೇವಿ. ಮೂಲೆಯಲ್ಲಿ, ನಾಗಪತಿಯವರ ತಮ್ಮನ ಮಗ ಸಂದೇಶ. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿ, ಸುತ್ತಿಗೆ ಹಿಡಿಯಲು ಕಲಿಸಿದವರು ಇವರೇ. ಈಗ ಮೂವತ್ತರ ಹತ್ತಿರದ ಗಂಡಸು.

"ಹೋಗಿದ್ದು ಅಷ್ಟು ದೊಡ್ಡ ವಸ್ತು ಏನ್ರಿ?" ಶಿವರಂಜನಿ ಕೇಳಿದಳು.

ಉತ್ತರ ಬಂದದ್ದು ಸೀತಾರಾಮ ಹೆಗಡೆಯವರಿಂದ. ದೂರು ಬರೆಸಿದವರೂ ಅವರೇ. ಮಂಚಿಕೇರಿಯ ಹಳೆಯ ವಾಚನಾಲಯದ ದುರಸ್ತಿಯನ್ನು ಮೈಮೇಲೆ ಎಳೆದುಕೊಂಡವರು.

"ನಮ್ಮ ಕಿಟಕಿಗಳ ಕಬ್ಬಿಣದ ಸುರುಳಿಯೆಲ್ಲ ಇವ್ರ ಅಪ್ಪ ಬಡಿದದ್ದು ಮೇಡಂ. ಅರ್ಧ ತುಕ್ಕು ತಿಂದು ಹೋತು. ಹೊಸದು ಅದ್ರ ಹಾಗೇ ಬರಬೇಕು ಅಂದ್ರೆ ಆ ಅಚ್ಚೇ ಬೇಕು. ಕಾದ ಪಟ್ಟಿ ತುದಿ ಅದಕ್ಕೆ ಸಿಕ್ಕಿಸಿ ಸುತ್ತ ಎಳೆಯೂದು. ಅಚ್ಚಿಲ್ಲ ಅಂದ್ರೆ ಕೆಲಸ ನಿಂತ ಹಾಗೇ."

"ಬೀಗ ಒಡದಿತ್ತೇನ್ರಿ?"

"ಇಲ್ಲ," ಅಂದರು ನಾಗಪತಿ.

"ಕೀಲಿಕೈ ಯಾರ ಹತ್ರ ಇರತಾವು?"

"ನನ್ನ ಹತ್ರ ಒಂದು. ಅವನ ಹತ್ರ ಒಂದು."

ಹೆಗಡೆ ಸಂದೇಶನನ್ನು ದಿಟ್ಟಿಸಿದರು. "ಭಾನುವಾರ ಬೆಳಗ್ಗೆ ಇದ್ದ ಅಚ್ಚು ಸೋಮವಾರ ಇಲ್ಲ. ಭಾನುವಾರ ಇಂವ ಶಿರಸಿಯಲ್ಲಿದ್ದ. ಆನೇ ಕಂಡಿದ್ದೆ — ಅಲ್ಲ, ನಾನೇ ನೋಡಿದ್ದೇನೆ ಮೇಡಂ. ಬಸ್‌ಸ್ಟ್ಯಾಂಡ್ ಹತ್ತಿರ ಗ್ರಿಲ್ ಮಾಡೂ ಅಂಗಡಿ ಉಂಟಲ್ಲ, ಅದ್ರ ಪಕ್ಕದ ಮೆಟ್ಟಿಲ ಹತ್ರ ನಿಂತಿದ್ದ. ಅವ್ರು ಇವನನ್ನ ಕೆಲಸಕ್ಕೆ ಕರೀತಾ ಇದ್ದಾರೆ ಅಂತ ಊರಿಗೇ ಗೊತ್ತು. ಅಚ್ಚು ಕೈಲಿದ್ರೆ ನಮ್ಮ ಕೆಲಸವೂ ಅವ್ರಿಗೇ ಹೋಗ್ತದೆ, ಅಲ್ದಾ?"

"ಶಿರಸಿಗೆ ಯಾಕ ಹೋಗಿದ್ದೆಪಾ?" ಶಿವರಂಜನಿ ಸಂದೇಶನನ್ನು ಕೇಳಿದಳು.

"ಕೆಲಸ ಇತ್ತು."

"ಏನ್ ಕೆಲಸ?"

ಸಂದೇಶ ಒಮ್ಮೆ ದೊಡ್ಡಪ್ಪನ ಕಡೆ ನೋಡಿದ. ತುಟಿ ಬಿಗಿದುಕೊಂಡ.

"ನೋಡು, ಬಾಯಿ ಬಿಡದಿದ್ರ ನಾ ನಿನ್ನ ಠಾಣೆಗೆ ಕರ್ಕೊಂಡು ಹೋಗಬೇಕಾಗತದ. ಊರ ಮುಂದ ಜೀಪ್ ಹತ್ತಿಸಬೇಕಾಗತದ. ಒಮ್ಮೆ ಹತ್ತಿದವ್ನಿಗೆ ಯಾರೂ ಕುಲುಮಿ ಕೀಲಿ ಕೊಡೂದಿಲ್ಲ. ತಿಳೀತಾ?"

"ತಿಳೀತು."

ಇಷ್ಟೇ. ಶಿವರಂಜನಿಗೆ ಸಿಟ್ಟು ಬಂತು. ತಪ್ಪು ಮಾಡಿದವರು ಸುಳ್ಳು ಹೇಳುತ್ತಾರೆ, ಮಾಡದವರು ಕೂಗಾಡುತ್ತಾರೆ. ಇವನು ಎರಡೂ ಮಾಡುತ್ತಿಲ್ಲ.

"ಆಚಾರ್ರೇ, ನೀವ್ ಹೇಳ್ರಿ. ಇವನ ಮ್ಯಾಲೆ ನಿಮಗೂ ಅನುಮಾನ ಐತೇನು?"

ನಾಗಪತಿ ಹೌದೆನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಮಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಶಿವರಂಜನಿ ಹೊರಗೆ ಹೋಗಿ ಸಿದ್ದಾಪುರದ ಗುಜರಿ ವ್ಯಾಪಾರಿ ಹುಚ್ಚ ಎಂಬವನಿಗೆ ಫೋನು ಮಾಡಿದಳು. ಸುತ್ತಲಿನ ಹಳೇ ಕಬ್ಬಿಣವೆಲ್ಲ ಅವನ ಕೈ ದಾಟಿಯೇ ಹೋಗಬೇಕು.

"ಆಚಾರಿ ಮನೆ ಅಚ್ಚಾ ಮೇಡಂ?" ಹುಚ್ಚ ನಕ್ಕುಬಿಟ್ಟ. "ಅದನ್ನ ಯಾರು ಕೊಳ್ತಾರೆ? ಕಂಡವ್ರೆಲ್ಲ ಗುರ್ತು ಹಿಡೀತಾರೆ. ಶಿರಸಿ ಅಂಗಡಿಯವ್ರು ಮಷೀನಿನಲ್ಲಿ ಬಗ್ಗಿಸ್ತಾರೆ, ಅವ್ರಿಗೆ ಅಚ್ಚು ಎಂತಕ್ಕೆ?"

ಅದು ಸರಿ. ಮಾರಲು ಬಾರದ, ಬಚ್ಚಿಡಲೂ ಬಾರದ ವಸ್ತು. ಹಾಗಿದ್ದ ಮೇಲೆ ಕದ್ದವರಿಗೆ ಅದು ಬೇಕಾಗಿತ್ತೋ, ಅಥವಾ ಅದು ಇಲ್ಲದಿರುವುದೇ ಬೇಕಾಗಿತ್ತೋ?

ಮತ್ತೆ ಒಳಗೆ ಬಂದಳು. ಕುಲುಮೆ ಝಗಝಗಿಸುತ್ತಿತ್ತು. ಮಾಡಿನ ಹೆಂಚು ತೆಗೆದು ಗಾಜು ಕೂರಿಸಿದ್ದರು. ಅಡಿಗಲ್ಲಿನ ನೆತ್ತಿಗೆ ಎರಡು ಎಲ್‌ಇಡಿ ಬಲ್ಬು.

"ಬೆಳಕು ಚಲೋ ಮಾಡಿದ್ದಾರೆ," ಅಂದರು ಹೆಗಡೆ. "ಇವ್ರ ಅಪ್ಪ ಇದ್ದಾಗ ಇದು ಗವಿ."

"ಗವಿಯಾಗೇ ಇರ್ಬೇಕು ಒಡೆಯಾ," ಮಾದೇವಿ ಮೆಲ್ಲಗೆ ಅಂದರು. "ಕಬ್ಬಿಣ ಕೆಂಪಾತಾ, ಹಳದಿ ಆತಾ ಅಂತ ಕಾಣೂದು ಕತ್ಲಲ್ಲೇ ಅಲ್ದಾ? ಮಳೆಗಾಲ ಕಳೆದ ಮೇಲೆ ಇವ್ರೇ ಹಟ ಹಿಡಿದು ಬಲ್ಬು ಹಾಕ್ಸಿದ್ರು."

"ನಿನ್ಗೆಂತಕ್ಕೆ ಅದೆಲ್ಲ?" ನಾಗಪತಿ ಗದರಿದರು.

ಆವರೆಗೆ ಅವರ ದನಿ ಏರಿರಲಿಲ್ಲ. ಮಗನಂಥವನನ್ನು ಕಳ್ಳ ಅಂದಾಗ ಏರದ ದನಿ ಬಲ್ಬಿನ ಮಾತಿಗೆ ಏರಿತು. ಶಿವರಂಜನಿಗೆ ಅದು ಚುಚ್ಚಿತು.

ಇದ್ದಿಲ ರಾಶಿಯನ್ನು ಬೂಟಿನಿಂದ ಕೆದಕಿದಳು. ಏನೋ ಕಟಕಟ ಅಂದಿತು. ಬಗ್ಗಿ ಎತ್ತಿದಳು — ಅರ್ಧ ಮಾಡಿದ ಸುರುಳಿ. ತೆಳ್ಳಗೆ ಬಡಿದ ತುದಿ ಸೀದ ಹಪ್ಪಳದ ಅಂಚಿನ ಹಾಗೆ ಉಬ್ಬಿ ಒಡೆದಿತ್ತು. ಅಡಿಯಲ್ಲಿ ಇನ್ನೊಂದು. ಮತ್ತೊಂದು. ಸಂದೇಶನ ಮುಖ ಬಿಳಚಿಕೊಂಡಿತು.

"ನಾನು ಹಾಳು ಮಾಡಿದ್ದು," ಅಂದ, ಯಾರೂ ಕೇಳುವ ಮೊದಲೇ.

"ಮತ್ತೆ ಎಂತ ಬೇಕು ಮೇಡಂ? ಕೆಲಸ ಹಾಳು ಮಾಡಿದ್ದು ಮುಚ್ಚೂಕೇ ಅಚ್ಚು ಮಾಯ ಮಾಡಿದ್ದು," ಅಂದರು ಹೆಗಡೆ.

"ನಡಿಯಪಾ," ಅಂದಳು ಶಿವರಂಜನಿ.

ಅವಳು ತೋಳು ಹಿಡಿದಾಗ ಸಂದೇಶ ತಲೆ ತಗ್ಗಿಸಿ ಹೊರಟ. ಬಾಗಿಲು ದಾಟುವಾಗ ಅವಳ ಅಂಗೈಗೆ ಏನೋ ತಾಗಿ ತರಚಿತು. ಬಾಗಿಲಿಗೆ ಜಡಿದ ಕಬ್ಬಿಣದ ಅಡ್ಡಪಟ್ಟಿ. ಪಟ್ಟಿಯೆಲ್ಲ ಹಲಗೆಗೆ ಅಂಟಿ ಕೂತಿತ್ತು. ಒಂದು ತುದಿ ಮಾತ್ರ ಅಲೆಯಲೆಯಾಗಿ ಮೇಲೆದ್ದಿತ್ತು.

"ಇದ್ಯಾವಾಗ ಹಾಕಿದ್ರಿ ಆಚಾರ್ರೇ?"

"ಕಳುವಾದ ಮೇಲೆ."

"ಕಬ್ಬಿಣ ಎಲ್ಲಿದು?"

"ಸಿದ್ದಾಪುರದ್ದು. ಹೊಸದು."

ಶಿವರಂಜನಿ ಪಟ್ಟಿಯ ಮೇಲೆ ಬೆರಳಾಡಿಸಿದಳು. ಕೆಳಗಿನ ಅಂಚು ಒರಟು. ಮೇಲಿನ ಅಂಚು ಕಾಲುದಾರಿಯ ಕಲ್ಲಿನ ಹಾಗೆ ಸವೆದು ನುಣ್ಣಗಾಗಿತ್ತು. ಅವಳು ಸಂದೇಶನ ತೋಳು ಬಿಟ್ಟಳು.

"ಹೆಗಡೇರ, ನಿಮ್ಮ ಅಚ್ಚು ಇಲ್ಲೇ ಐತಿ. ನಾವೆಲ್ಲ ಅದನ್ನ ದಾಟಿಕೊಂಡೇ ಒಳಗ ಬಂದ್ವಿ."

ಹೆಗಡೆ ಬಾಗಿಲ ಪಟ್ಟಿಯ ಕಡೆ ತಿರುಗಿ ನೋಡಿದರು.

"ಹೊಸ ಪಟ್ಟಿ ಒಂದೇ ಕಡೆ ಹಿಂಗ ಸವೀತದೇನ್ರಿ? ಇದು ಎಷ್ಟೋ ವರ್ಷ ಕಾದ ಕಬ್ಬಿಣ ಉಜ್ಜಿ ಉಜ್ಜಿ ಸವೆದದ್ದು. ಈ ತುದಿ ನೋಡ್ರಿ. ಸುರುಳಿಯ ನಡುವಿನ ಬಿಗಿ ಸುತ್ತು ಇದು. ಕಾಸಿ ಬಡಿದು ನೆಟ್ಟಗ ಮಾಡಿದಾರ. ಈ ತುದಿ ಮಾತ್ರ ಪೂರಾ ನೆಟ್ಟಗಾಗಿಲ್ಲ. ಚಲೋ ಕಮ್ಮಾರ ಇದನ್ನ ಹಿಂಗ ಬಿಡ್ತಾನೇನು? ಬಿಡೂದಿಲ್ಲ — ಅವಗ ಕಂಡಿದ್ರ."

ಅವಳು ಅಡಿಗಲ್ಲಿನ ಮೇಲಿನ ಬಲ್ಬುಗಳ ಕಡೆ ಕೈ ತೋರಿಸಿದಳು.

"ಕಬ್ಬಿಣದ ಬಣ್ಣ ಕಾಣಲಿ ಅಂತ ಕುಲುಮಿ ಕತ್ತಲಿಡ್ತಾರ. ಅದನ್ನ ಬಲ್ಲವರೇ ಎರಡು ಬಲ್ಬು ಯಾಕ ಹಾಕಿಸಿದ್ರು? ಸುತ್ತಿಗೆ ಎಲ್ಲಿ ಬೀಳ್ತದ ಅಂತಾನೇ ಕಾಣದಂಗ ಆಗಿತ್ತು, ಅದಕ್ಕ. ಬೆಳಕು ಜಾಸ್ತಿಯಾತು, ಬೆಂಕಿ ಬಣ್ಣ ಇನ್ನೂ ಮರೆಯಾತು, ತುದಿ ಎಲ್ಲ ಸುಟ್ಟವು. ಇವ ಶಿರಸಿಗೆ ಯಾಕ ಹೋಗಿದ್ದ ಹೇಳ್ಲೇನು? ಆ ಮೆಟ್ಟಿಲು ಗ್ರಿಲ್ ಅಂಗಡಿದಲ್ಲ. ಮ್ಯಾಲೆ ಭಾನುವಾರ ಕಣ್ಣಿನ ಡಾಕ್ಟರ್ ಕೂಡ್ತಾರ. ನಮ್ಮವ್ವನ್ನ ಹಿಂದ ಒಮ್ಮೆ ನಾನೇ ಕರ್ಕೊಂಡು ಹತ್ತೀನಿ."

ಮಾದೇವಿ ಗಂಡನ ಮುಂದೆ ಕುಸಿದು ಕೂತರು. "ಹೌದೇನ್ರಿ? ಕಣ್ಣು ಕಾಣೂದಿಲ್ವೇನ್ರಿ?"

"ಭಾನುವಾರ ನೀನು ಯಲ್ಲಾಪುರಕ್ಕೆ ತಂಗಿ ಮನೆಗೆ ಹೋಗಿದ್ದೆ, ಅಂವ ಶಿರಸಿಗೆ," ಅಂದರು ನಾಗಪತಿ. "ಆವಾಗ್ಲೇ ಅಚ್ಚನ್ನ ಬಡಿದು ನೆಟ್ಟಗೆ ಮಾಡಿದೆ. ಅಚ್ಚಿಲ್ಲ ಅಂದ್ರೆ ಹೆಗಡೇರು ಕೆಲಸ ಬಿಡ್ತಾರೆ, ಮರ್ಯಾದೆ ಉಳೀತದೆ ಅಂದ್ಕೊಂಡೆ. ಅವ್ರು ಪೊಲೀಸ್ ಕರೀತಾರೆ ಅಂತ ಗೊತ್ತಿರ್ಲಿಲ್ಲ. ಅಪ್ಪಂಗೂ ಹೀಗೇ ಪೊರೆ ಬಂದು, ಕಣ್ಣು ಕೊಯ್ಸಿ, ಇದ್ದ ಬೆಳಕೂ ಹೋಗಿತ್ತು. ಅದಕ್ಕೇ ಡಾಕ್ಟ್ರ ಹತ್ರ ಹೋಗೂಕೆ ಹೆದ್ರಿದೆ."

"ಇವನ ಹೆಸರು ಬಂದಾಗ ಯಾಕ ಸುಮ್ಮನಿದ್ರಿ?"

ನಾಗಪತಿ ಅಂಗೈಯಿಂದ ಕಣ್ಣು ಒತ್ತಿಕೊಂಡರು.

"ಕಳ್ಳ ಅಂದ್ರೆ ಜನ ನಾಲ್ಕು ದಿನ ಅಂದು ಮರೀತಾರೆ. ಕುರುಡ ಅಂದ್ರೆ ಮರೆಯೂದಿಲ್ಲ."

ಹೆಗಡೆಯವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಜೀಪಿನ ಕಡೆ ನಡೆದರು. ಅವರ ಅವಸರದ ದೂರು ಈಗ ಅವರಿಗೇ ಬೇಡವಾಗಿತ್ತು.

ಸಂದೇಶ ಒಳಗೆ ಬಂದು ದೊಡ್ಡಪ್ಪನ ಎದುರು ನಿಂತ.

"ನನಗೆ ಮಳೆಗಾಲದಿಂದ ಗೊತ್ತಿತ್ತು ದೊಡ್ಡಪ್ಪ. ನೀವು ಸುಟ್ಟದ್ದನ್ನೆಲ್ಲ ಹುಗಿದು, ಅದ್ರ ಬದ್ಲು ನಾನು ಮಾಡಿ ಇಡ್ತಿದ್ದೆ. ಇವತ್ತೂ ನಿಮ್ಮ ಹೆಸ್ರು ಹೇಳ್ಬಾರದು ಅಂತಲೇ ಜೀಪ್ ಹತ್ತೂಕೆ ಹೊರಟಿದ್ದೆ. ನೀವು ಒಂದು ಮಾತು — ಅಂವ ಅಂಥವ ಅಲ್ಲ ಅಂತ ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು."

ಅಷ್ಟು ಹೇಳಿ ಪಕ್ಕದ ಗೋಡೆಗೆ ಒರಗಿದ. ನಾಗಪತಿ ಎದ್ದರು. ಗಾಜಿನಿಂದ ಬಿದ್ದ ಬಿಸಿಲು ನೇರ ಅವರ ಮುಖಕ್ಕೆ ಹೊಡೆಯುತ್ತಿತ್ತು. ಕೈ ಮುಂದೆ ಚಾಚಿ ಬಾಗಿಲಿನ ಕಡೆ ತಿರುಗಿದರು.

"ಸಂದೇಶಾ... ತಪ್ಪಾತು ಮಗಾ."

ಚಾಚಿದ ಕೈ ಗಾಳಿಯಲ್ಲಿ ತಡಕಾಡಿತು.

"ಮಾದೇವಿ, ಅಂವ ಹೋದ್ನೇನೆ?"

ಸಂದೇಶ ಅವರ ಬೆನ್ನ ಹಿಂದೆ, ಕೈಗೆಟುಕುವಷ್ಟು ಹತ್ತಿರ ನಿಂತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ದೊಡ್ಡಪ್ಪ ಕೊಡದ ಆ ಒಂದು ಮಾತನ್ನು ಈಗ ಅವನೂ ಕೊಡಲೊಲ್ಲ. ಮಾದೇವಿ ಅವನ ಮುಖ ನೋಡಿದರು. ಅವನು ತುಟಿಗೆ ಬೆರಳಿಟ್ಟ. 'ಹೋದ' ಅನ್ನಿ ಅನ್ನುವ ಹಾಗೆ ಹೊರಗೆ ಕೈ ತೋರಿಸಿದ.

"ಹೋದ," ಅಂದರು ಮಾದೇವಿ.

ನಾಗಪತಿ ಖಾಲಿ ಬಾಗಿಲಿಗೆ ಮುಖ ಮಾಡಿಯೇ ನಿಂತರು. ಅದು ಸುಳ್ಳೆಂದು ಗೊತ್ತಿದ್ದೂ ಶಿವರಂಜನಿ ತಿದ್ದಲಿಲ್ಲ.