ಓಡುವ ಕಾರಿಗೆ ಗವಸು

“ಎರಡೇ ರೌಂಡು ಕಣೇ! ಮತ್ತೆ ನಿಂತ್ಕಂತು!” ಎಂದು ಐಶ್ವರ್ಯಳ ಗೆಳತಿ ಕಾವ್ಯ ಕೂಗಿದಳು.

ಐಶ್ವರ್ಯ ರಿಮೋಟನ್ನು ಒತ್ತಿದಳು, ಒತ್ತಿಯೇ ಒತ್ತಿದಳು. ಮನೆ ಪಕ್ಕದ ಎಣ್ಣೆ ಮಿಲ್ಲಿನ ಅಂಗಳದ ನಡುವೆ ನಿಂತ ಕೆಂಪು ಕಾರು ಜಪ್ಪಯ್ಯ ಅಂದರೂ ಕದಲಲಿಲ್ಲ.

ಅದೇನು ಜಾತ್ರೆಯಲ್ಲಿ ಸಿಗುವ ಕಾರೇ? ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಚಂದ್ರಶೇಖರ್ ಮಾವ ಒಂದೊಂದೇ ಪಾರ್ಟು ತರಿಸಿ ಜೋಡಿಸಿದ್ದು. ಬ್ರಷ್‌ಲೆಸ್ ಮೋಟ್ರಂತೆ, ಬಿಟ್ಟರೆ ಬಾಣ! ಶನಿವಾರ ಸ್ಕೂಲಿನ ವಿಜ್ಞಾನ ಮೇಳದಲ್ಲಿ ಅದನ್ನು ಹತ್ತು ರೌಂಡು ಓಡಿಸುತ್ತೇನೆಂದು ಐಶ್ವರ್ಯ ಇಡೀ ಐದನೇ ಕ್ಲಾಸಿಗೆ ಡಂಗುರ ಸಾರಿಬಿಟ್ಟಿದ್ದಳು. ಇವತ್ತಾಗಲೇ ಶುಕ್ರವಾರ.

“ಬ್ಯಾಟ್ರಿ ಖಾಲಿಯಾಗೈತೇನೋ,” ಎಂದಳು ಕಾವ್ಯ.

“ಫುಲ್ ಚಾರ್ಜ್ ಐತೆ ಕಣೇ. ಮಾವನ ಕಾರು ಕೆಡಿಸಿಬಿಟ್ನೇನೋ!” ಐಶ್ವರ್ಯಳ ಕಣ್ಣು ತುಂಬಿ ಬಂತು.

ಅವಳು ಕಾರಿನ ಮೇಲ್ಮುಚ್ಚಳ ತೆಗೆದಳು. ಒಳಗೆ ಬೆಂಕಿಪೊಟ್ಟಣದಷ್ಟು ಪುಟ್ಟ ಪೆಟ್ಟಿಗೆಯೊಂದಿತ್ತು. ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬೇಕಾದಷ್ಟೇ ಅಳೆದು ಕೊಡುವುದು ಅದೇ. ಮಾವ ಅದನ್ನು ‘ಇಎಸ್‌ಸಿ’ ಅನ್ನುತ್ತಿದ್ದ. ಅದಕ್ಕೊಂದು ಹೂವಿನ ಬಟ್ಟೆಯ ದಪ್ಪ ಗವಸು. ಅಜ್ಜಿಯ ಕೈಕೆಲಸ!

ಸರ್ವಮಂಗಳಜ್ಜಿಗೆ ಗವಸೆಂದರೆ ಪ್ರಾಣ. ಮಿಲ್ಲಿನ ಕಡಲೆಕಾಯಿ ಸಿಪ್ಪೆಯ ಧೂಳು ಮನೆಯೊಳಗೆಲ್ಲ ನುಗ್ಗುತ್ತಿತ್ತಲ್ಲ, ಅದಕ್ಕೇ ಟೀವಿಗೆ ಗವಸು, ಮಿಕ್ಸಿಗೆ ಗವಸು, ಫೋನಿಗೂ ಗವಸು. ತಾತ ಅರ್ಧ ಗಂಟೆ ಸುಮ್ಮನೆ ಕೂತಿದ್ದರೆ ಅವರಿಗೂ ಒಂದು ಹೊಲಿಯುತ್ತಿದ್ದರೇನೋ! ಮೊನ್ನೆ ಐಶ್ವರ್ಯಳೇ, “ಅಜ್ಜೀ, ಈ ಪೆಟ್ಟಿಗೆಗೂ ಒಂದು ಹೊಲ್ಕೊಡು. ಧೂಳು ಕೂತ್ರೆ ಕೆಟ್ಟೋಗ್ತೈತೆ,” ಅಂದಿದ್ದಳು. ಅಜ್ಜಿ ಬೆರಳಿಗೆ ಸೂಜಿ ಚುಚ್ಚಿಸಿಕೊಂಡು, ಎರಡು ಮಧ್ಯಾಹ್ನ ಕೂತು, ಪುಟಾಣಿ ಲಾಡಿ ಸಮೇತ ಹೊಲಿದುಕೊಟ್ಟಿದ್ದರು.

ಐಶ್ವರ್ಯ ಗವಸಿನೊಳಗೆ ಬೆರಳು ತೂರಿಸಿದಳು. “ಹಾ! ಕಾದ ಹೆಂಚಾಗೈತೆ!”

ಅಷ್ಟರಲ್ಲಿ ಸಂಜೆಯ ಚಹಾಕ್ಕೆ ಮಿಲ್ಲು ನಿಂತಿತು. ಫಿಟ್ಟರ್ ಮಾರಯ್ಯ ಬ್ರಷ್ಷು ಹಿಡಿದು ಮಿಲ್ಲಿನ ದೊಡ್ಡ ಮೋಟರಿನ ಮೈ ಉಜ್ಜತೊಡಗಿದರು.

“ಮಾರಯ್ಯಣ್ಣ, ದಿನಾ ಯಾಕೆ ಅದನ್ನ ಉಜ್ತೀರಿ?” ಎಂದಳು ಐಶ್ವರ್ಯ.

“ಈ ಪಟ್ಟಿ ಪಟ್ಟಿ ಐತಲ್ಲವ್ವ, ಇದ್ರ ಸಂದಿನಾಗೆ ಗಾಳಿ ಆಡ್ಬೇಕು. ಸಿಪ್ಪೆ ಧೂಳು ಮೆತ್ಕಂಡ್ರೆ ಕಾವು ಹೊರಗೆ ಹೋಗಾಕೆ ದಾರಿ ಇರಲ್ಲ. ಕಾದೂ ಕಾದೂ ಸುಟ್ಟೇ ಹೋಗ್ತೈತೆ.”

ಐಶ್ವರ್ಯ ಲಾಡಿ ಬಿಚ್ಚಿ ಗವಸು ಎಳೆದಳು. ಪುಟ್ಟ ಪೆಟ್ಟಿಗೆಯ ಮೇಲೂ ಅಂಥವೇ ಪಟ್ಟಿಗಳು! ಬರೀ ಧೂಳಿಗೇ ಅಷ್ಟು ದೊಡ್ಡ ಮೋಟರು ಸುಡುವುದಾದರೆ, ಇಲ್ಲಿ ಕೌದಿಯನ್ನೇ ಹೊದಿಸಿಬಿಟ್ಟಿದ್ದೇವಲ್ಲ! ಅದಕ್ಕೇ ಪೆಟ್ಟಿಗೆ ತಾನು ಸುಡುವ ಮೊದಲೇ ಕರೆಂಟು ನಿಲ್ಲಿಸಿಬಿಡುತ್ತಿದೆ!

“ಸಿಂಪಲ್! ಅದನ್ನ ಬಿಸಾಕು,” ಎಂದಳು ಕಾವ್ಯ.

ಹೇಳುವುದು ಸುಲಭ. ‘ನಮ್ಮ ಐಶು ಕಾರಿಗೆ ನಾನೇ ಗವಸು ಹೊಲಿದಿದ್ದು’ ಎಂದು ಅಜ್ಜಿ ಅರ್ಧ ಬೀದಿಗೆ ಹೇಳಿಕೊಂಡು ಬಂದಿದ್ದರು. ನಾಳೆ ಮೇಳಕ್ಕೂ ಬರುವವರಿದ್ದರು. ಗವಸನ್ನು ಬ್ಯಾಗಿನಲ್ಲಿ ಬಚ್ಚಿಟ್ಟರೆ? ಅಜ್ಜಿ ಕೇಳಿದರೆ ಸುಳ್ಳು ಹೇಳಬೇಕು. ಐಶ್ವರ್ಯ ಕಾರು ಎತ್ತಿಕೊಂಡು ಸೀದಾ ಮನೆಯೊಳಗೆ ಹೋದಳು.

“ಅಜ್ಜೀ, ಬೇಜಾರು ಮಾಡ್ಕಬೇಡ. ಇದನ್ನ ಹಾಕಿದ್ರೆ ಕಾರು ಓಡಲ್ಲ. ನಾನೇ ಗೊತ್ತಿಲ್ದೆ ಹೊಲ್ಸಿಬಿಟ್ಟೆ.”

ಅಜ್ಜಿಯ ಮುಖ ಬಾಡಿತು. ಪೆಟ್ಟಿಗೆಯ ಮೇಲೆ ಬೆರಳಿಟ್ಟವರು ಫಕ್ಕನೆ ಕೈ ಎಳೆದುಕೊಂಡರು.

“ಅಯ್ಯೋ ಶಿವನೇ! ಇದಕ್ಕೆ ಜ್ವರ ಬಂದೈತಲ್ಲೇ! ಬೇಸಿಗೇಲಿ ಕೌದಿ ಹೊದಿಸಿದ್ರೆ ಇನ್ನೇನಾದೀತು, ಪಾಪ!”

“ಗವಸು ತೆಗೆದ್ರೆ ಧೂಳು ಬರ್ತೈತಲ್ಲಜ್ಜಿ?”

ಅಜ್ಜಿ ಒಂದು ನಿಮಿಷ ಗಲ್ಲದ ಮೇಲೆ ಕೈಯಿಟ್ಟು ಕೂತರು. ಆಮೇಲೆ ಟ್ರಂಕು ತೆರೆದು ಹಳೆಯ ಸೊಳ್ಳೆಪರದೆ ಹೊರಗೆಳೆದರು. “ಇದ್ರಾಗೆ ಗಾಳಿ ಆಡ್ತೈತೆ, ಸಿಪ್ಪೆ ನುಗ್ಗಲ್ಲ. ಕರಿಯೇ ಆ ಮಾರಯ್ಯನ್ನ!”

ಮಾವನಿಗೆ ಫೋನು ಹೋಯಿತು. ಆತ ಒಪ್ಪಿದ ಮೇಲೆ ಮಾರಯ್ಯ ಗಾಳಿಯಾಡಲೆಂದು ಕಾರಿನ ಮೇಲ್ಮುಚ್ಚಳದ ಕಿಟಕಿಗಳನ್ನು ಬ್ಲೇಡಿನಿಂದ ಕೊಯ್ದು ತೆರೆದರು. ಅಜ್ಜಿ ಅಲ್ಲಿಗೆ ಒಳಗಿನಿಂದ ಪರದೆ ಅಂಟಿಸಿದರು.

ಶನಿವಾರ ಸ್ಕೂಲಿನ ಫೀಲ್ಡಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಮೂರನೇ ರೌಂಡಿಗೆ ಐಶ್ವರ್ಯ ಉಸಿರು ಬಿಗಿಹಿಡಿದಳು. ಕಾರು ನಿಲ್ಲಲಿಲ್ಲ. “ಏಳು! ಎಂಟು!” ಎಂದು ಇಡೀ ಕ್ಲಾಸು ಎಣಿಸತೊಡಗಿತು. “ಹತ್ತು!” ಅಂದಾಗ ಕಾವ್ಯ ಕುಣಿದೇಬಿಟ್ಟಳು. ಮುಂದಿನ ಕುರ್ಚಿಯಲ್ಲಿದ್ದ ಅಜ್ಜಿ ಪಕ್ಕದ ಟೀಚರಿಗೆ, “ಆ ಕಿಟಕಿ ಪರದೆ ನಂದೇ ಕಣ್ರೀ,” ಎಂದು ಮೂರು ಸಲ ಹೇಳಿದರು.

ಮನೆಗೆ ಬಂದ ಮೇಲೆ ಅಜ್ಜಿ ಹೂವಿನ ಗವಸನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಚಿಂದಿ ಬಟ್ಟೆಯ ಡಬ್ಬದ ಮುಚ್ಚಳ ತೆಗೆದರು.

“ಅಲ್ಲಿ ಹಾಕ್ಬೇಡಜ್ಜಿ. ಇಲ್ಲಿ ಕೊಡು. ಕಾರು ನಿಂತಿರೋವಾಗ ಬೇಕು.”

ಐಶ್ವರ್ಯ ಕಾರನ್ನು ತೊಡೆಯ ಮೇಲಿಟ್ಟುಕೊಂಡು ಪೆಟ್ಟಿಗೆಯನ್ನು ಮುಟ್ಟಿದಳು. ಇನ್ನೂ ಬೆಚ್ಚಗಿತ್ತು. ಅಜ್ಜಿಯ ಪಕ್ಕದಲ್ಲೇ ಸುಮ್ಮನೆ ಕಾದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿ ನೋಡಿದಳು. ತಣ್ಣಗಾಗಿತ್ತು.

ಆಗ ಗವಸು ತೊಡಿಸಿ, ಪುಟಾಣಿ ಲಾಡಿಯನ್ನು ಮೆಲ್ಲಗೆ ಕಟ್ಟಿದಳು.